ಹೊಸ ಬಣ್ಣ ಕೆರೆಯುವ ಜುಂಜಪ್ಪ

ಬೆಳಗಿನ ಆರೂಕಾಲು. ತುಮಕೂರಿನ ಬಟವಾಡಿಯಲ್ಲಿ ಹೆದ್ದಾರಿ ಬದಿಯ ತಗಡಿನ ಶೆಡ್ಡಿನ ಮುಂದೆ ಗುಬ್ಬಿ ಕಡೆಯ ಟ್ರ್ಯಾಕ್ಟರೊಂದು ನಿಂತಿದೆ. ಹಿಂದಿನ ಟ್ರೇಲರ್‌ನಲ್ಲಿ ಜಮಖಾನದ ಮೇಲೆ ರೇಷ್ಮೆ ಸೀರೆಯ ಹೆಂಗಸರು, ಹೂವಿನ ಪುಟ್ಟಿ, ಮದುವಣಗಿತ್ತಿಯ ಟ್ರಂಕು. ಹತ್ತಕ್ಕೆ ದೇವರಾಯನದುರ್ಗದ ಬೆಟ್ಟದಲ್ಲಿ ಮುಹೂರ್ತ. ಟ್ರೇಲರ್ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿವೆ. ಆ ಕಾಲು ಆಟೊ ಎಲೆಕ್ಟ್ರಿಷಿಯನ್ ಜುಂಜಪ್ಪನವರದು. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಟ್ರ್ಯಾಕ್ಟರ್ ಮಾಲೀಕರಿಗೆಲ್ಲ ಅವರು ಗೊತ್ತು. ಅವರ ಕೆಲಸದಿಂದ ದಿನಾ ರಸ್ತೆಯಲ್ಲಿ ಜೀವ ಉಳಿಸಿಕೊಳ್ಳುವ ನಮಗೆ ಗೊತ್ತಿಲ್ಲ.

"ಬ್ರೇಕ್ ಒತ್ತಿ ಯಜಮಾನ್ರೇ," ಎಂದು ಅಡಿಯಿಂದ ಧ್ವನಿ ಬರುತ್ತದೆ.

ಮದುಮಗಳ ಸೋದರಮಾವ ಲಕ್ಷ್ಮೀನರಸಿಂಹಯ್ಯ ಪೆಡಲ್ ತುಳಿಯುತ್ತಾರೆ. ಟ್ರ್ಯಾಕ್ಟರ್ ಅವರದೇ. ಟ್ರೇಲರ್ ಹಿಂದಿನ ಕೆಂಪು ದೀಪ ಧಗ್ಗೆನ್ನುವ ಬದಲು ಮಿಣಮಿಣ ಅನ್ನುತ್ತದೆ. ಕರೆಯದೆ ಬಂದ ನೆಂಟನ ಹಾಗೆ ಪಕ್ಕದ ಇಂಡಿಕೇಟರೂ ಅದರ ಜೊತೆ ಮಿಣುಕುತ್ತದೆ. ಬರುವ ದಾರಿಯಲ್ಲಿ ಇವರು ಬ್ರೇಕ್ ಹಾಕಿದ್ದು ಹಿಂದಿನ ಬಸ್ಸಿನವನಿಗೆ ತಿಳಿಯದೆ ಡಿಕ್ಕಿ ಕೂದಲೆಳೆಯಲ್ಲಿ ತಪ್ಪಿದೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದ ಮೇಲೆ ಇಲ್ಲಿಗೆ ಬಂದಿದ್ದಾರೆ.

"ಬಲ್ಬ್ ಹೋಗಿರ್ಬೇಕು, ಬ್ಯಾರೆ ಹಾಕ್ಬುಡು ಜುಂಜಣ್ಣ."

"ಬಲ್ಬ್ ಚೆನ್ನಾಗೈತೆ. ನಿಮ್ ಬಣ್ಣದ್ದೇ ಕಿತಾಪತಿ."

ಆಯುಧಪೂಜೆ ಕಳೆದು ಮೂರು ವಾರ. ಉಳಿದ ದಿನ ಎರಡೋ ಮೂರೋ ಟ್ರೇಲರ್ ಬಂದರೆ ಈ ದಿನಗಳಲ್ಲಿ ಏಳೆಂಟು ಬರುತ್ತವೆ, ಎಲ್ಲವೂ ಮದುವೆ ಗಂಡಿನಂತೆ ಮಿಂಚುತ್ತ. ಹಬ್ಬಕ್ಕೆ ಟ್ರೇಲರ್ ತೊಳೆದು ಬಣ್ಣ ಬಳಿಸುವುದು ವಾಡಿಕೆ. ಬಳಿಯುವವನು ಅರ್ತ್ ವೈರಿನ ಬೋಲ್ಟ್ ಬಿಚ್ಚಿ, ಅದರಡಿಗೂ ಭಕ್ತಿಯಿಂದ ಬಣ್ಣ ಹಚ್ಚಿ, ಮೇಲೆ ಬಿಗಿದು ಹೋಗುತ್ತಾನೆ.

"ಬಣ್ಣದ ಮೇಲೆ ವೈರ್ ಕೂತ್ರೆ ಕಬ್ಬಿಣ ಎಲ್ಲಿ ಮುಟ್ತು ಸಾರ್?" ಎಂದು ಜುಂಜಪ್ಪ, ಅವರ ಕೆಲಸ ನೋಡಲು ಬಂದ ನನಗೆ ಬಿಡಿಸಿ ಹೇಳುತ್ತಾರೆ. "ಬ್ಯಾಟ್ರಿಯಿಂದ ಹೋದ ಕರೆಂಟ್ ವಾಪಸ್ ಬರಕ್ಕೂ ದಾರಿ ಬೇಕು. ಆ ದಾರಿ ಕಟ್ಟಿದ್ರೆ ಪಕ್ಕದ ಬಲ್ಬ್‌ಗೆ ನುಗ್ತದೆ."

ಅವರು ಉಪ್ಪುಕಾಗದ ತೆಗೆದದ್ದೇ ತಡ, ಲಕ್ಷ್ಮೀನರಸಿಂಹಯ್ಯ ಕೆಳಗಿಳಿಯುತ್ತಾರೆ. "ಕೆರೀಬೇಡ ಕಣಪ್ಪ, ಬಣ್ಣ ಬಳ್ಸಿ ತಿಂಗ್ಳಾಗಿಲ್ಲ! ಕೊಂಡಿಗೆ ಒಂದು ವೈರ್ ಸುತ್ಬುಡು, ಸಾಕು." ತಾವೇ ಅರ್ತ್ ವೈರಿಗೆ ಒಂದು ತುಂಡು ಸೇರಿಸಿ, ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಗೆ ಸುತ್ತಿ ಪೆಡಲ್ ತುಳಿಯುತ್ತಾರೆ. ದೀಪ ಧಗ್ಗನೆ ಹೊತ್ತುತ್ತದೆ. ಹೆಂಗಸರೆಲ್ಲ ಹೊರಡುವ ಗಡಿಬಿಡಿಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾರೆ.

ಜುಂಜಪ್ಪ ಉಪ್ಪುಕಾಗದ ಕೆಳಗಿಡುವುದಿಲ್ಲ. ಚಹಾ ತಂದ ಹೆಂಡತಿ ಮಹಾಲಕ್ಷ್ಮಮ್ಮ ತಟ್ಟೆ ಕೆಳಗಿಟ್ಟು ಎಡಗೈ ಚಾಚುತ್ತಾರೆ. ಮಣಿಕಟ್ಟು ಸೊಟ್ಟಗಿದೆ.

"ಹಿಂಗೇ ಕೊಂಡಿಗೆ ಸುತ್ತಿದ್ದಕ್ಕೆ ಆಗಿದ್ದು ಅಣ್ಣಾ."

ಎಂಟು ವರ್ಷದ ಹಿಂದೆ, ತೊಂಬತ್ನಾಲ್ಕರಲ್ಲಿ, ತೆಂಗಿನಕಾಯಿ ಲೋಡಿನ ಟ್ರೇಲರೊಂದಕ್ಕೆ ಜುಂಜಪ್ಪ ಇದೇ ಸುಲಭದ ಕೆಲಸ ಮಾಡಿದ್ದರು. ನಿಂತಾಗ ದೀಪ ಚೆನ್ನಾಗಿಯೇ ಉರಿಯಿತು. ಅದೇ ಸಂಜೆ ಕುಣಿಗಲ್ ರಸ್ತೆಯಲ್ಲಿ ದಂಪತಿ ಮೊಪೆಡ್‌ನಲ್ಲಿ ಬರುವಾಗ ಮುಂದೆ ಅದೇ ಟ್ರೇಲರ್. ರಸ್ತೆ ಉಬ್ಬಿನಲ್ಲಿ ಅದು ಬ್ರೇಕ್ ಹಾಕಿತು, ಕೊಂಡಿ ಕುಲುಕಿತು, ದೀಪ ಹತ್ತಲಿಲ್ಲ.

"ನಾನೇ ರಿಪೇರಿ ಮಾಡಿದ್ ಗಾಡಿಗೆ ನಾನೇ ಹೋಗಿ ಗುದ್ದಿದೆ ಸಾರ್," ಎನ್ನುತ್ತಾರೆ ಜುಂಜಪ್ಪ. "ಹಿಂದೆ ಕೂತಿದ್ದ ಇವ್ಳ್ ಕೈ ಮುರೀತು. ನಂಗೆ ಒಂದ್ ತರಚು ಗಾಯನೂ ಇಲ್ಲ. ಅದೇ ಹೊಟ್ಟೆ ಉರಿಯೋದು."

ಅಂದಿನಿಂದ ಒಂದು ನೇಮ. ರಿಪೇರಿಯಾದ ಯಾವ ಟ್ರೇಲರೂ ನೇರ ಊರಿಗೆ ಹೋಗುವಂತಿಲ್ಲ. ಹೆದ್ದಾರಿಯಲ್ಲೇ ಮುಂದಿರುವ ಕ್ಯಾತ್ಸಂದ್ರದವರೆಗೆ ಹೋಗಿ ಬರಬೇಕು, ಅದರ ಹಿಂದೆ ಗಂಡ ಹೆಂಡತಿ ಮೊಪೆಡ್‌ನಲ್ಲಿ. "ಇವ್ರಿಗೆ ರಸ್ತೆ, ನಂಗೆ ಲೈಟು," ಎಂದು ಮಹಾಲಕ್ಷ್ಮಮ್ಮ ನಗುತ್ತಾರೆ.

ಲಕ್ಷ್ಮೀನರಸಿಂಹಯ್ಯ ಆ ಕೈಯನ್ನೂ, ಟ್ರೇಲರ್ ಮೇಲಿನ ಹೆಂಗಸರನ್ನೂ ನೋಡುತ್ತಾರೆ. ಊಟ ಮುಗಿಸಿ ಬೆಟ್ಟ ಇಳಿಯುವಾಗ ಇವರೆಲ್ಲ ಮುಂದೆ, ಇನ್ಯಾವುದೋ ಬಸ್ಸು ಹಿಂದೆ. "ಕೆರಿಯಪ್ಪ," ಎನ್ನುತ್ತಾರೆ, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿ.

ಹಸಿರು ಬಣ್ಣ ಉದುರಿ ಬಿಳಿ ಕಬ್ಬಿಣ ಹೊಳೆಯುತ್ತದೆ. ವೈರ್ ಕೂತು, ಬೋಲ್ಟ್ ಬಿಗಿದು, ತುಕ್ಕು ಹಿಡಿಯದಂತೆ ಮೇಲೊಂದು ಬೆರಳು ಗ್ರೀಸು. ಹೆಂಗಸರು ಶೆಡ್ಡಿನ ಬಳಿ ಉಳಿಯುತ್ತಾರೆ, ಖಾಲಿ ಟ್ರೇಲರ್ ಹೊರಡುತ್ತದೆ. ಮೊಪೆಡ್ ಪಕ್ಕದಲ್ಲಿ ನಾನೊಂದು ಆಟೋದಲ್ಲಿ.

ಗಂಡನ ಹೆಗಲ ಮೇಲಿಂದ ಮಹಾಲಕ್ಷ್ಮಮ್ಮ ಕೂಗುತ್ತಾರೆ. "ಬ್ರೇಕು ಬಂತು! ಲೆಫ್ಟು ಬಂತು! ರೈಟು... ಇಲ್ಲ ಕಣ್ರೀ, ಹಂಪ್ಸ್ ಮೇಲೆ ಹೋಯ್ತು!"

ಬಲಗಡೆ ದೀಪದ ಸ್ಕ್ರೂ ಕೆಳಗೂ ಬಣ್ಣವಿತ್ತು. ಮತ್ತೆ ಕೆರೆತ, ಮತ್ತೆ ಕ್ಯಾತ್ಸಂದ್ರ. ಗಂಟೆ ಎಂಟಾಗುತ್ತದೆ, ಮದುಮಗಳ ತಾಯಿ ಮೂರು ಸಲ ಟೈಮು ಕೇಳುತ್ತಾರೆ. ಎರಡನೇ ಸಲ ಮೊಪೆಡ್ ಮೇಲಿಂದ ಬಂದದ್ದು ಒಂದೇ ಮಾತು: "ಎಲ್ಲಾ ಬಂತು!" ನಿಜ ಹೇಳಬೇಕೆಂದರೆ, ಆಟೋದಲ್ಲಿ ನಾನು ಚಪ್ಪಾಳೆ ತಟ್ಟಿದೆ.

ಹೆಂಗಸರು ಹತ್ತಿ ಕೂತ ಮೇಲೆ ಲಕ್ಷ್ಮೀನರಸಿಂಹಯ್ಯ ಕೆರೆದ ಜಾಗವನ್ನೊಮ್ಮೆ ಸವರುತ್ತಾರೆ. "ಇಬ್ರೂ ಊಟಕ್ಕೆ ಬಂದ್ಬುಡಿ ಜುಂಜಣ್ಣ."

ಶೆಡ್ಡಿನ ಮುಂದೆ ಆಗಲೇ ಇನ್ನೆರಡು ಹೊಸ ಬಣ್ಣದ ಟ್ರೇಲರ್ ನಿಂತಿವೆ. ಜುಂಜಪ್ಪ ಅವುಗಳತ್ತ ಕೈ ತೋರಿಸಿ ನಗುತ್ತಾರೆ.

ನಿಮಗೇನು ಆಸೆ ಎಂದು ಮಹಾಲಕ್ಷ್ಮಮ್ಮನವರನ್ನು ಕೇಳುತ್ತೇನೆ. "ಬೆಟ್ಟಕ್ಕೆ ಒಂದ್ಸಲ ಸುಮ್ನೆ ಹೋಗ್ಬೇಕು ಸಾರ್, ಮುಂದಿನ್ ಗಾಡಿ ಲೈಟ್ ನೋಡ್ದೆ. ಆ ಕಡೆ ಕಾಡು ಚೆನ್ನಾಗೈತಂತೆ..."

ಅಷ್ಟರಲ್ಲಿ ಅವರ ಕಣ್ಣು ರಸ್ತೆಯತ್ತ ಹೊರಳುತ್ತದೆ. ಮದುವೆ ಟ್ರೇಲರ್ ದೂರದ ಉಬ್ಬಿನ ಬಳಿ ನಿಧಾನವಾಗುತ್ತಿದೆ. ಹಣೆಗೆ ಸೊಟ್ಟ ಕೈ ಅಡ್ಡ ಹಿಡಿದು ಅವರು ದಿಟ್ಟಿಸುತ್ತಾರೆ. ಕೆಂಪು ದೀಪ ಹೊತ್ತಿ ಆರುತ್ತದೆ.

"ಬಂತು," ಎಂದು ಚಹಾ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ.