ಗಡಿ ದಾಟಿದ ಗೆರೆ

ಮೊನ್ನೆ ಭಾಲ್ಕಿಯ ನಮ್ಮ ಕಾಲೇಜಿನಲ್ಲಿ ಹಳೆಯ ಕಪಾಟು ತೆಗೆದಾಗ ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಸೀನುತ್ತಲೇ ಬೀದರಿನ ಲೈಬ್ರರಿ ಸರ್ ನೆನಪಾದರು. ಪುಸ್ತಕಗಳಿಗಷ್ಟೇ ಅಲ್ಲ, ಕಂಪ್ಯೂಟರ್ ಟೇಬಲ್ಲಿನ ಖಾನೆಗೂ ಗುಳಿಗೆ ಹಾಕುತ್ತಿದ್ದ ಮಹಾನುಭಾವರು...

ಆಗ ನಾನು ಪಿಎಚ್‌ಡಿಗೆ ಸೇರಿದ್ದೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವ ನಮ್ಮ ಔರಾದ ಕಡೆಯ ಮಕ್ಕಳು ಓದು ಕಲಿಯುವುದು ಹೇಗೆ ಎಂಬುದು ನನ್ನ ವಿಷಯ. ನಾನೂ ಹಾಗೆ ಬೆಳೆದವಳೇ. ಹಿಂದಿನ ಸಂಶೋಧನೆ ಎಂದು ಒಂದೇ ಒಂದು ಲೇಖನ ಸಿಕ್ಕಿತ್ತು. "ಆಧಾರ ಇಲ್ಲ. ಸೋಮವಾರದೊಳಗೆ ವಿಷಯ ಬದಲಿಸು" ಎಂದುಬಿಟ್ಟರು ಮಾರ್ಗದರ್ಶಕರು. ಚಿದ್ರಿಯ ಬಾಡಿಗೆ ಕೋಣೆಗೆ ಹೋಗದೆ ಸೀದಾ ಲೈಬ್ರರಿಗೆ ಹೋಗಿ ಅತ್ತೇಬಿಟ್ಟೆ.

ಸರ್ ಸಮಾಧಾನ ಹೇಳುವವರಲ್ಲ. "ಎಲ್ಲೆಲ್ಲಿ ಹುಡುಕೀದಿ?" ಎಂದರು. ಬೀದರ್, ಕಲಬುರಗಿ, ರಾಯಚೂರು ಎಂದೆ.

"ಹೆಣ್ಣು ಕೊಡೋದು ಗಡಿ ಆಚಿ ಉದಗೀರಕ್ಕ, ಸಂತಿ ಮಾಡೋದು ದೇಗಲೂರದಾಗ, ಹುಡುಕೋದು ಮಾತ್ರ ಕರ್ನಾಟಕದಾಗ? ಭಾರಿ ಶಾಣ್ಯಾಕಿ ಬಿಡವ್ವ!"

ಅಳುವಿನ ನಡುವೆಯೇ ನಗು ಬಂತು. ಅವರು ಕಂಪ್ಯೂಟರಿನಲ್ಲಿ ಒಂದು ನಕ್ಷೆ ತೆರೆದರು. ಒಂದು ಲೇಖನ ಕೊಟ್ಟರೆ ಸಾಕು, ಅದರ ಬಂಧುಬಳಗವನ್ನೆಲ್ಲ ಗೋಲ ಗೋಲವಾಗಿ ಬಿಡಿಸಿ, ಯಾರು ಯಾರನ್ನು ಉಲ್ಲೇಖಿಸಿದ್ದಾರೆಂದು ಗೆರೆ ಎಳೆದು ತೋರಿಸುವ ನಕ್ಷೆ ಅದು. ನನಗೆ ಸಿಕ್ಕಿದ್ದ ಆ ಲೇಖನದಿಂದ ಹೊರಟ ಗೆರೆಯೊಂದು ಗಡಿಯಾಚೆಯ ಮರಾಠಿ ಶಾಲೆಗಳಲ್ಲಿ ಓದುವ ಕನ್ನಡ ಮನೆಗಳ ಮಕ್ಕಳ ಅಧ್ಯಯನಕ್ಕೆ ಹೋಗಿತ್ತು. ಅಲ್ಲಿಂದ ತೆಲಂಗಾಣಕ್ಕೆ... ಯವ್ವಾ, ನಮ್ಮ ಮಕ್ಕಳದೇ ಗೋಳು, ಊರಷ್ಟೇ ಬೇರೆ!

ಮರಾಠಿಯಲ್ಲೇ ಬರೆದ ಪ್ರಬಂಧಗಳು ಆ ನಕ್ಷೆಯಲ್ಲಿರಲಿಲ್ಲ. ಅದಕ್ಕೆ ಸರ್ ಆ ಕಡೆಯ ಗ್ರಂಥಪಾಲಕರೊಬ್ಬರಿಗೆ ಫೋನ್ ಹಚ್ಚಿದರು. "ನಕ್ಷಾ ದಾರಿ ತೋರಸ್ತದ, ಓದೋದು ನೀನೇ ಓದಬೇಕು" ಎಂದು ನನ್ನನ್ನು ಎಬ್ಬಿಸಿ ಕಳಿಸಿದರು. ಸೋಮವಾರ ಮಾರ್ಗದರ್ಶಕರು ನಾನು ಒಯ್ದ ಲೇಖನಗಳ ಪಟ್ಟಿಯನ್ನೆಲ್ಲ ನೋಡಿ, "ಇದನ್ನೇ ಮುಂದುವರಿಸು" ಎಂದರು.

ನನ್ನ ಪ್ರಬಂಧ ಮುಗಿಯುವ ಮೊದಲೇ ಸರ್ ಹೋಗಿಬಿಟ್ಟರು. ಆ ಸಂಕಟ ಇನ್ನೂ ಆರಿಲ್ಲ.

ಕಪಾಟು ಮುಚ್ಚಿ ಈಚೆ ಬಂದರೆ, ಠಾಣಾ ಕುಶನೂರಿನ ನಮ್ಮ ವಿದ್ಯಾರ್ಥಿನಿ ಅಂಥದೇ ನಕ್ಷೆ ತೆರೆದು ಕೂತಿದ್ದಳು. ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳ ಕಲಿಕೆ ಅವಳ ವಿಷಯ.

"ಮೇಡಂ, ಈ ಗೋಲದಾಗ ನಿಮ್ಮ ಹೆಸರೇ ಅದ ನೋಡ್ರಿ!"

ಕಣ್ಣು ತುಂಬಿತು. ಸರ್ ಇದನ್ನು ನೋಡಬೇಕಿತ್ತು. ನೋಡಿದ್ದರೂ ನನ್ನ ಹೆಸರಿನ ಮೇಲೆ ಅವರ ಕಣ್ಣು ನಿಲ್ಲುತ್ತಿರಲಿಲ್ಲ, ಸೀದಾ ಅವಳ ಪಕ್ಕ ಕೂತುಬಿಡುತ್ತಿದ್ದರು... ನಾನು ಕುರ್ಚಿ ಎಳೆದುಕೊಂಡೆ.

"ಅದಿರ್ಲಿ ಬಿಡವ್ವ. ಇಲ್ಲಿಂದ ಮುಂದ ಗೆರಿ ಯಾರ ಕಡೆ ಹೋಗ್ಯಾವ, ಅದನ್ನ ನೋಡೋಣು."