ಕೆಂಪು ಕೋಸು ಸಿಗದ ಊರಿನ ವಿಜ್ಞಾನ ಪಾಠ

ಆರತಿ ತಟ್ಟೆಯ ಕೆಂಪು ನೀರಿಗೆ ಒಂದು ವಾಸನೆಯಿದೆ. ಅದು ಅರಿಶಿನದ್ದೂ ಅಲ್ಲ, ಸುಣ್ಣದ್ದೂ ಅಲ್ಲ, ಎರಡೂ ಜಗಳವಾಡಿ ರಾಜಿಯಾದ ಮೇಲೆ ಬರುವಂಥದ್ದು. ಹೋದ ವಾರ ತಮ್ಮನ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳುವಾಗ, ಬೀಗರ ಕಡೆಯ ಪುಟ್ಟಿಯೊಬ್ಬಳು ಶರಬತ್ತಿಗೆಂದು ಕೊಯ್ದಿಟ್ಟ ನಿಂಬೆಹೋಳನ್ನು ತಂದು ಆ ನೀರಿಗೆ ಹಿಂಡಿಬಿಟ್ಟಳು. ಕೆಂಪು ನೀರು ಎಲ್ಲರ ಕಣ್ಣೆದುರೇ ಹಳದಿಯಾಯಿತು.

"ಅಯ್ಯೋ, ಅಪಶಕುನ ಕಣ್ರೇ!" ಎಂದು ಸೋದರತ್ತೆ ಎದೆ ಹಿಡಿದುಕೊಂಡರು. ನಾನು ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮನೆ ಆಂಟಿ ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು...

ತೊಂಬತ್ತರ ದಶಕದ ಕೊನೆಯ ಮಾತು. ವಿದ್ಯಾರಣ್ಯಪುರಂನಲ್ಲಿ ನಮ್ಮ ಕಾಂಪೌಂಡಿಗೆ ಅಂಟಿಕೊಂಡಂತೆ ಅವರ ಮನೆ. ಚರ್ಚಿಗೆ ತಪ್ಪದೆ ಹೋಗುವವರು, ಊಟಕ್ಕೆ ಮುಂಚೆ ಕಣ್ಣು ಮುಚ್ಚುವವರು, ಆಮೇಲೆ ಕಣ್ಣು ಬಿಟ್ಟು ನಮ್ಮಮ್ಮನ ಹುಳಿಯನ್ನು ಹೊಗಳುವವರು. ಅವರ ಒಬ್ಬಳೇ ಮಗಳಿಗೆ ಮಾತು ತೊದಲುತ್ತಿತ್ತು. ಶಾಲೆಯಲ್ಲಿ ಎದ್ದು ನಿಂತು ಓದು ಎಂದಾಗ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದಳು, ಪಾಪ. ಅವಳು ಬಾಯಿ ಬಿಡುವಷ್ಟರಲ್ಲಿ ಇಡೀ ತರಗತಿ ಆ ಪದವನ್ನು ಹೇಳಿ ಮುಗಿಸಿರುತ್ತಿತ್ತು. ಎಂಟನೆಯ ತರಗತಿ ಆದ ಮೇಲೆ ಆಂಟಿ ಅವಳನ್ನು ಬಿಡಿಸಿ, ಮನೆಯಲ್ಲೇ ಪಾಠ ಶುರು ಮಾಡಿದರು. ಬೀದಿಯವರೆಲ್ಲ ಇವರಿಗೆ ತಲೆ ಕೆಟ್ಟಿದೆ ಎಂದರು. ನಾನೂ ಅಂದಿದ್ದೆ, ಆದರೆ ಅವರ ಮುಖಕ್ಕೇ.

ನಾನಾಗ ಬಿ.ಎಸ್ಸಿ. ಮೊದಲ ವರ್ಷ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಶೀಲ್ಡುಗಳನ್ನು ಇಡಲು ಟಿವಿಯ ಮೇಲೆ ಜಾಗವಿರಲಿಲ್ಲ. ದೇವರ ವಿಷಯ ಬಂದರಂತೂ ಊಟ ಬಿಟ್ಟಾದರೂ ವಾದ ಮಾಡುತ್ತಿದ್ದೆ.

ಒಂದು ಶನಿವಾರ ಆಂಟಿ ಕಾಂಪೌಂಡಿನ ಆಚೆಯಿಂದ ಕೂಗಿದರು. "ಬಾರಮ್ಮ ಲಾಯರಮ್ಮ, ಒಂದು ಕೇಸಿದೆ!"

ಊಟದ ಮೇಜಿನ ಮೇಲೆ ಎರಡು ದಪ್ಪ ಪುಸ್ತಕ, ಒಂದು ನೀಲಿ, ಒಂದು ಹಸಿರು. ಅಮೆರಿಕದಲ್ಲಿದ್ದ ಅವರ ತಂಗಿ ಮಾದರಿಗೆಂದು ಕಳಿಸಿದ್ದರು. ಮನೆಯಲ್ಲೇ ಓದುವ ಕ್ರೈಸ್ತ ಮಕ್ಕಳಿಗಾಗಿ ಬರೆದ ಹೈಸ್ಕೂಲು ವಿಜ್ಞಾನ. ಕ್ರಿಸ್‌ಮಸ್ಸಿಗೆ ಬರುವಾಗ ತಂಗಿ ಯಾವುದಾದರೂ ಒಂದರ ಪೂರ್ತಿ ಸೆಟ್ ತರುತ್ತಾರಂತೆ. ಯಾವುದೆಂದು ನಾಳೆ ಫೋನಿನಲ್ಲಿ ಹೇಳಬೇಕು. ಎಸ್ಸೆಸ್ಸೆಲ್ಸಿಯನ್ನು ಹೊರಗಿನಿಂದ ಕಟ್ಟುವುದಕ್ಕೆ ಸರ್ಕಾರಿ ಪುಸ್ತಕ ಹೇಗೂ ಓದಲೇಬೇಕು. ಆದರೆ ಅದನ್ನು ಉರು ಹೊಡೆದರೆ ಪಾಸಾಗಬಹುದೇ ಹೊರತು ವಿಜ್ಞಾನ ಬರುವುದಿಲ್ಲ ಎಂಬುದು ಆಂಟಿಯ ವಾದ.

"ನಮ್ಮ ಚರ್ಚಿನವರನ್ನ ಕೇಳಿದ್ರೆ ಎರಡೂ ಒಳ್ಳೇದು ಅಂತಾರೆ. ಅದಕ್ಕೇ ನಿನ್ನ ಕರೆದೆ, ನೀನಾದ್ರೆ ಬೈತೀಯ" ಎಂದರು. ಆಮೇಲೆ ದನಿ ತಗ್ಗಿಸಿ, "ಪುಸ್ತಕ ಓದಿ ಇವಳು ದೇವರನ್ನ ಬಿಡಬಾರದು ಕಣಮ್ಮ. ದೇವರ ಹೆಸರು ಹೇಳ್ಕೊಂಡು ಪುಸ್ತಕಾನೂ ಬಿಡಬಾರದು. ಮೊದಲೇ ಶಾಲೆ ಬಿಡಿಸಿದೀನಿ. ಇದರಲ್ಲೂ ತಪ್ಪು ಮಾಡಿದ್ರೆ ಆ ಮಗೂಗೆ ಏನುಳಿಯುತ್ತೆ?"

ಸಂಜೆಯವರೆಗೆ ಓದಿದೆ, ಖುಷಿಯಿಂದ, ಕಟುಕನ ಹಾಗೆ. ಎರಡರಲ್ಲೂ ಭೂಮಿಗೆ ಕೆಲವೇ ಸಾವಿರ ವರ್ಷ. "ಎರಡನ್ನೂ ತೂಕಕ್ಕೆ ಹಾಕಿ ಆಂಟಿ" ಎಂದೆ.

ಅವರು ನಕ್ಕರು. "ಅಲ್ಲಮ್ಮ, ಸ್ಪರ್ಧೇಲಿ ನೀನು ಚೀಟಿ ಎತ್ತಿ, ಪರ ಬಂದ್ರೆ ಪರ, ವಿರೋಧ ಬಂದ್ರೆ ವಿರೋಧ ಮಾತಾಡ್ತೀಯ. ಎರಡಕ್ಕೂ ಬಹುಮಾನ ತರ್ತೀಯ. ನಿನ್ನ ಬೈಗುಳಾನ ನಾನು ಹೆಂಗೆ ನಂಬೋದು? ಎತ್ತು ಇಲ್ಲೂ ಚೀಟಿ!"

ಎತ್ತಿದೆ. ಹಸಿರು ಪುಸ್ತಕದ ಪರ ನಾನು, ನೀಲಿಯ ಪರ ಆಂಟಿ. ತೀರ್ಪುಗಾರ್ತಿ ಅವರ ಮಗಳು. ಸಮಯ ಮುಗಿದಾಗ ಬಾರಿಸಲು ಅವಳ ಮುಂದೆ ಒಂದು ಸ್ಟೀಲ್ ಲೋಟ, ಒಂದು ಚಮಚ. "ಮಾನ್ಯ ತೀರ್ಪುಗಾರರೇ" ಎಂದು ನಾನು ಎದ್ದು ನಿಂತ ಕೂಡಲೇ ಅವಳು ಚಮಚ ಬಾರಿಸಿಬಿಟ್ಟಳು. ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ದೇವರನ್ನು ಒಪ್ಪದ ನಾನು ಆ ದಿನ ಒಂದು ಕ್ರೈಸ್ತ ಪುಸ್ತಕದ ಪರವಾಗಿ ಗಂಟಲು ಹರಿದುಕೊಂಡೆ. "ಭೂಮಿಯ ವಯಸ್ಸು ಇಷ್ಟು, ಬೇರೆ ಮಾತಾಡುವವನು ಶತ್ರು ಅಂತ ನೀಲಿ ಪುಸ್ತಕ ಬಾಗಿಲು ಹಾಕುತ್ತೆ. ಹಸಿರು ಪುಸ್ತಕ ನಮ್ಮ ನಂಬಿಕೆ ಇದು ಅಂತ ಹೇಳಿ, ಒಪ್ಪದವರ ಕಾರಣಗಳನ್ನೂ ಮರ್ಯಾದೆಯಿಂದ ಕೊಡುತ್ತೆ!" ಆಂಟಿ ಸುಮ್ಮನಿರುವವರೇ? "ನಿನ್ನ ಹಸಿರು ಪುಸ್ತಕ ಮೊದಲ ಪ್ರಯೋಗಕ್ಕೇ ಕೆಂಪು ಎಲೆಕೋಸು ಕೇಳುತ್ತೆ. ಹುಳಿ ಯಾವುದು, ಕ್ಷಾರ ಯಾವುದು ಅಂತ ಅದರ ರಸ ಬಣ್ಣ ಬದಲಾಯಿಸಿ ತೋರಿಸುತ್ತಂತೆ. ಮಾರ್ಕೆಟ್ಟಲ್ಲಿ ಕೇಳಿದ್ರೆ ಆ ಯಪ್ಪ, ಬಣ್ಣ ಹಚ್ಚಿ ಕೊಟ್ಬುಡ್ಲಾ ಅಮ್ಮಾವ್ರೇ ಅಂದ! ಕೋಸೇ ಸಿಗದ ಊರಲ್ಲಿ ಇದನ್ನಿಟ್ಕೊಂಡು ಏನು ಮಾಡ್ಲಿ?"

ಒಳ್ಳೆಯ ಏಟು. ಅಷ್ಟರಲ್ಲಿ ತೀರ್ಪುಗಾರ್ತಿ ಎದ್ದು ನಮ್ಮ ಮನೆಗೆ ಓಡಿದಳು. ವಾಪಸು ಬಂದಾಗ ಒಂದು ಕೈಯಲ್ಲಿ ಅರಿಶಿನ, ಇನ್ನೊಂದರಲ್ಲಿ ನಮ್ಮಜ್ಜಿಯ ಎಲೆಯಡಿಕೆ ತಟ್ಟೆಯ ಸುಣ್ಣದ ಡಬ್ಬಿ. ನಮ್ಮಕ್ಕ ಬಾಣಂತನ ಮುಗಿಸಿ ಹೊರಟ ದಿನ ಅಮ್ಮ ಆರತಿ ನೀರು ಕಲಸುವುದನ್ನು ಅವಳು ಕಾಂಪೌಂಡಿನಿಂದಲೇ ನೋಡಿದ್ದಳಂತೆ. ಕಲಸಿದಳು, ಕೆಂಪಾಯಿತು. ತಮ್ಮ ಅಡುಗೆಮನೆಯಿಂದ ನಿಂಬೆಹುಳಿ ತಂದು ಹಿಂಡಿದಳು, ಹಳದಿ. ಮತ್ತೆ ಸುಣ್ಣ, ಮತ್ತೆ ಕೆಂಪು. ಹುಟ್ಟಿದಾಗಿನಿಂದ ನಾನು ಆ ನೀರು ನೋಡಿದ್ದೆ. ಮೂಢನಂಬಿಕೆ ಎಂದು ಅದರ ಮೇಲೊಂದು ಭಾಷಣವನ್ನೂ ಮಾಡಿದ್ದೆ. ಒಳಗೆ ಏನಿದೆಯೆಂದು ಮಾತ್ರ ನೋಡಿರಲಿಲ್ಲ!

"ತೀರ್ಪು ಹೇಳಮ್ಮ" ಎಂದರು ಆಂಟಿ.

ಅವಳು ಹಸಿರು ಪುಸ್ತಕ ತೆರೆದಳು. 'ಕೋಸು ಸಿಗದಿದ್ದರೆ ನಿಮ್ಮ ಅಡುಗೆಮನೆಯಲ್ಲಿ ಹುಡುಕಿ. ಏನು ಕಂಡಿತು?' ಎಂಬರ್ಥದ ಇಂಗ್ಲಿಷ್ ಸಾಲು. ಅದರ ಕೆಳಗೆ ಅರ್ಧ ಪುಟ ಖಾಲಿ ಜಾಗ.

"ನೀ... ನೀಲಿ ಪುಸ್ತಕ ಪ್ರಶ್ನೆ ಕೇಳಿದ ತಕ್ಷಣ ತಾನೇ ಉತ್ತರ ಹೇ... ಹೇಳ್ಬುಡುತ್ತೆ" ಎಂದಳು. ಮುಂದಿನ ಪದ ಗಂಟಲಲ್ಲಿ ನಿಂತಿತು. ಅದೇನೆಂದು ನನಗೆ ಗೊತ್ತಾಗಿತ್ತು, ಬಾಯಿಯನ್ನೂ ತೆರೆದಿದ್ದೆ. ಆಂಟಿ ಮೇಜಿನ ಕೆಳಗೆ ನನ್ನ ಕಾಲು ತುಳಿದರು. "ಇದು ಕಾ... ಕಾ... ಕಾಯುತ್ತೆ."

ಆಂಟಿ ಸೆರಗಿನಿಂದ ಮೇಜು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, "ಗೆದ್ದೆ ಬುಡು. ಭೂಮಿ ವಯಸ್ಸಿನ ಪಾಠ ಬಂದ ದಿನ ನೀನೂ ಬರಬೇಕು. ನಾನೊಂದು ಹೇಳ್ತೀನಿ, ನೀನೊಂದು ಹೇಳು. ಚಮಚ ಅವಳ ಕೈಲಿರಲಿ" ಎಂದರು.

ಆ ಪಾಠ ಮುಗಿಯುವ ಹೊತ್ತಿಗೆ ಲೋಟ ನೆಗ್ಗಿಹೋಗಿತ್ತು. ಆಂಟಿ ಒಪ್ಪಲಿಲ್ಲ, ನಾನೂ ಸೋಲಲಿಲ್ಲ. ತೀರ್ಪುಗಾರ್ತಿ ಇಬ್ಬರಿಗೂ ಸಮಾಧಾನಕರ ಬಹುಮಾನವೆಂದು ಒಂದೊಂದು ಚಕ್ಕುಲಿ ಕೊಟ್ಟಳು. ಹಸಿರು ಪುಸ್ತಕ ಓದಿದ ಅವಳು ಪಿಯುಸಿಯಲ್ಲಿ ವಿಜ್ಞಾನವನ್ನೇ ತೆಗೆದುಕೊಂಡಳು. ಈಗ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ತೊದಲು ಹಾಗೇ ಇದೆ, ಭಾನುವಾರದ ಚರ್ಚೂ ಹಾಗೇ ಇದೆ.

ಆಂಟಿ ಇಲ್ಲ. ಅವರಿದ್ದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅಮ್ಮ ದೇವರ ಹತ್ತಿರ ಇದ್ದಾರೆ ಎನ್ನುತ್ತಾಳೆ ಅವರ ಮಗಳು. ಅದಕ್ಕೆ ಪುರಾವೆಯೇನು ಎಂದು ಕೇಳುವ ನಾಲಿಗೆ ನನ್ನದು. ಕೇಳಿಲ್ಲ... ಇದ್ದರೆ, ಅಲ್ಲೂ ಯಾರ ಕೈಗೋ ಚಮಚ ಕೊಟ್ಟಿರುತ್ತಾರೆ.

ಹೋದ ವಾರ ಆ ಪುಟ್ಟಿ ಹಳದಿ ನೀರಿನ ಮುಂದೆ ಹೆದರಿ ನಿಂತಿದ್ದಳು. ಪಕ್ಕದಲ್ಲಿ ಕೂತು, "ಕೆಂಪು ಹೋಗಿ ಹಳದಿ ಯಾಕಾಯ್ತು?" ಎಂದು ಕೇಳಿದೆ. ಅವಳು ನೀರನ್ನು ನೋಡಿದಳು, ಕೈಯಲ್ಲಿದ್ದ ನಿಂಬೆಹೋಳನ್ನು ನೋಡಿದಳು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಕಾಲು ತುಳಿಯುವವರು ಯಾರೂ ಇರಲಿಲ್ಲ.

ಆದರೂ ಕಾದೆ.