ದೇವಯ್ಯ ರೈಟರ ಕಂಪ್ಯೂಟರಿನ ಹಿಂದೆ ಸಿಕ್ಕಿದ್ದು

ದೇವಯ್ಯ ರೈಟರಿಗೆ ಮರೆವು ಬಂದಿರಲಿಲ್ಲ. ಅವರ ಕೈಯೂ ತಪ್ಪಿರಲಿಲ್ಲ. ಆರು ವರ್ಷಗಳಿಂದ ಇದು ನನಗೊಬ್ಬಳಿಗೇ ಗೊತ್ತು — ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ನನ್ನ ತಪ್ಪನ್ನು ಅವರ ತಲೆಗೆ ಕಟ್ಟಿ, ಅವರ ಕುರ್ಚಿಯಲ್ಲಿ ಕೂತೆ. ಇವತ್ತಿಗೂ ಕೂತಿದ್ದೇನೆ.

ಚೆಟ್ಟಳ್ಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನ ಆಫೀಸು ನಮ್ಮದು. ಆಳುಗಳ ಹಾಜರಿಯಿಂದ ಹಿಡಿದು ದಿನದ ಮಳೆಯವರೆಗೆ ಎಲ್ಲವನ್ನೂ ಬರೆದಿಡುವವರು ರೈಟರ್. ದೇವಯ್ಯನವರು ಸಂಪಾಜೆಯ ಕಡೆಯವರು. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಮಳೆ ಅಳೆದು, ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಮೂವತ್ತು ವರ್ಷ ಒಂದು ದಿನವೂ ತಪ್ಪಿಸಿದವರಲ್ಲ. ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಂತು ಎಂದು ಅಕ್ಕಪಕ್ಕದ ತೋಟದವರು ಫೋನ್ ಮಾಡಿ ಅವರನ್ನೇ ಕೇಳುತ್ತಿದ್ದರು. ನಾನು ಸೋಮವಾರಪೇಟೆಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಅವರ ಕೈಕೆಳಗೆ ಸೇರಿದವಳು. ಕೋರ್ಸ್ ಆರು ತಿಂಗಳದ್ದು, ಜಂಬ ಮಾತ್ರ ಆರು ವರ್ಷದ್ದು.

ಆ ಮಳೆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದು ಮ್ಯಾನೇಜರ್ ಹೇಳಿದರು. ರೈಟರ ಮೇಜಿನ ಮೇಲಿದ್ದದ್ದು ಓಬಿರಾಯನ ಕಾಲದ ಕಂಪ್ಯೂಟರ್, ಗುಂಡು ಪಿನ್ನಿನ ಕೀಬೋರ್ಡು. ಅದರ ವಯರನ್ನು ಇಲಿ ಕಡಿದಿತ್ತು. ಮ್ಯಾನೇಜರ್ ಮಡಿಕೇರಿಯಿಂದ ಎರಡು ವೈರ್‌ಲೆಸ್ ಸೆಟ್ ತಂದರು — ಒಂದೊಂದರಲ್ಲೂ ಕೀಬೋರ್ಡು, ಮೌಸು, ಅವುಗಳ ಸಂಕೇತ ಹಿಡಿದು ಕಂಪ್ಯೂಟರಿಗೆ ಕೊಡುವ, ಉಗುರಿನಷ್ಟೇ ಚಿಕ್ಕ ರಿಸೀವರು. ಜೋಡಿಸುವ ಕೆಲಸ ನನ್ನದು. ಮೊದಲ ಸೆಟ್ಟಿನ ರಿಸೀವರನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದೆ. ಏನೂ ಆಗಲಿಲ್ಲ. ಹಳೆಯ ಕಂಪ್ಯೂಟರ್ ಹೊಸ ವಸ್ತುವನ್ನು ಗುರುತಿಸಲು ಸಮಯ ಬೇಕು, ಒಮ್ಮೆ ಆರಿಸಿ ಹಚ್ಚಬೇಕು — ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು. ಆದರೆ ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು. ಕಾಯುವ ತಾಳ್ಮೆ ನನಗೆಲ್ಲಿ? "ಈ ಸೆಟ್ ಕೆಟ್ಟಿದೆ ಸರ್" ಎಂದುಬಿಟ್ಟೆ. ಎರಡನೆಯದರ ರಿಸೀವರನ್ನು ಕಂಪ್ಯೂಟರಿನ ಮುಂಭಾಗದ ತೂತಿಗೆ ಸಿಕ್ಕಿಸಿದೆ, ಸ್ವಲ್ಪ ಹೊತ್ತಿಗೆ ಅದು ಹಿಡಿದುಕೊಂಡಿತು. ಕೆಟ್ಟಿದೆ ಎಂದ ಕೀಬೋರ್ಡನ್ನು ಹಾಗೇ, ಬ್ಯಾಟರಿ ಸಮೇತ, ನನ್ನ ಮೇಜಿನ ಡ್ರಾಯರಿಗೆ ತುರುಕಿದೆ. ಅದರ ರಿಸೀವರ್ ಹಿಂದೆಯೇ ಉಳಿಯಿತು.

ಮಾರನೆಯ ದಿನದಿಂದ ರೈಟರ ಕಷ್ಟ ಶುರುವಾಯಿತು. ಒಂದು ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದರು, ಪಾಪ. ಇದ್ದಕ್ಕಿದ್ದಂತೆ ಒಂದೇ ಅಂಕಿ ಸಾಲಾಗಿ ಓಡುತ್ತಿತ್ತು. ಕೆಲವೊಮ್ಮೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. "ನಾನು ಒತ್ತಲೇ ಇಲ್ಲ ಲತಾ, ಅದೇ ಬರೀತಾ ಉಂಟು" ಎನ್ನುತ್ತಿದ್ದರು. ನಾವು ನಕ್ಕೆವು. ನಾನೇ ಹೆಚ್ಚು ನಕ್ಕೆ — "ನಿಮ್ಮ ಕಂಪ್ಯೂಟರಿಗೆ ದೆವ್ವ ಹಿಡಿದಿದೆ ರೈಟ್ರೇ" ಎಂದು. ತಿಂಗಳು ಕಳೆಯುವಷ್ಟರಲ್ಲಿ ನಗು ನಿಂತಿತು. ಎರಡು ವರ್ಷದ ಮಳೆಯ ಲೆಕ್ಕ ಪೂರ್ತಿ ತಲೆಕೆಳಗಾಗಿ ಮಾಲೀಕರಿಗೆ ಹೋಗಿತ್ತು. ವಯಸ್ಸಾಯಿತು, ಮರೆವು ಬಂದಿದೆ ಎಂದು ಮ್ಯಾನೇಜರ್ ಅವರ ಎದುರೇ ಹೇಳತೊಡಗಿದರು. ಅವರ ಮಗಳು ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಆಮೇಲೆ ಆ ದಿನ — ಇದನ್ನು ಬರೆಯುವಾಗ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ನಾನು ಹಾಜರಿ ಪುಸ್ತಕವನ್ನು ಡ್ರಾಯರಿಗೆ ಹಾಕಿದೆ. ಹಲಗೆಯ ಗೋಡೆಯ ಆಚೆಯಿಂದ ಅದೇ ಗಳಿಗೆಗೆ ರೈಟರು ಕೂಗಿದರು: "ನೋಡಿ, ಮತ್ತೆ ಬಂತು!" ಪುಸ್ತಕ ತೆಗೆದೆ. "ನಿಂತಿತು" ಎಂದರು. ಪುಸ್ತಕದ ಕೆಳಗಿದ್ದದ್ದು ನಾನು ಕೆಟ್ಟಿದೆ ಎಂದಿದ್ದ ಆ ಕೀಬೋರ್ಡು; ಪುಸ್ತಕದ ಭಾರ ಅದರ ಗುಂಡಿಗಳನ್ನು ಒತ್ತುತ್ತಿತ್ತು.

ಓಡಿಹೋಗಿ ಅವರ ಮೇಜಿನ ಹಿಂದಕ್ಕೆ ತೂರಿದೆ. ಕಂಪ್ಯೂಟರಿನ ಹಿಂದೆ, ಧೂಳಿನಲ್ಲಿ, ರಿಸೀವರ್ ಇತ್ತು. ಕಿತ್ತು ಮುಷ್ಟಿಯಲ್ಲಿ ಹಿಡಿದೆ. ಅಷ್ಟರಲ್ಲಿ ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತಿದ್ದರು.

"ಏನಾದ್ರೂ ಸಿಕ್ತಾ?"

"ಏನೂ ಇಲ್ಲ ಸರ್. ಕಂಪ್ಯೂಟರ್ ಸರಿಯಾಗೇ ಇದೆ."

ರೈಟರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. "ಹಾಗಾದ್ರೆ ನನ್ನ ತಲೆಯೇ ಸರಿ ಇಲ್ಲ" ಎಂದರು. ಮೆಲ್ಲಗೆ, ಯಾರ ಮೇಲೂ ಸಿಟ್ಟಿಲ್ಲದೆ. ಆಗಲಾದರೂ ನಾನು ಮುಷ್ಟಿ ಬಿಚ್ಚಬಹುದಿತ್ತು.

ಬಿಚ್ಚಲಿಲ್ಲ. ಹೆದರಿದೆ ಎಂದರೆ ಅರ್ಧ ಸತ್ಯ. ಇನ್ನರ್ಧ — ಆ ಕುರ್ಚಿ ನನಗೆ ಬೇಕಿತ್ತು. ಮರುದಿನದಿಂದ ಮ್ಯಾನೇಜರ್ ಅಲ್ಲಿ ನನ್ನನ್ನೇ ಕೂರಿಸಿದರು. ಒಂದು ಅಂಕಿಯೂ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ? "ನೋಡಿ, ಈ ಹುಡುಗಿ ಕೂತ ಮೇಲೆ ಏನಾದ್ರೂ ಆಯ್ತಾ?" ಎಂದು ಅವರು ಎಲ್ಲರಿಗೂ ಹೇಳಿದರು. ರೈಟರೂ ತಲೆಯಾಡಿಸಿದರು. ತಾವಾಗಿಯೇ ಮಳೆ ಅಳೆಯುವುದನ್ನೂ ಬಿಟ್ಟರು, ಎರಡು ವಾರದಲ್ಲಿ ಕೆಲಸವನ್ನೂ. ಅವರನ್ನು ಬಸ್ಸು ಹತ್ತಿಸಲು ಹೋದವಳೂ ನಾನೇ.

ಈಗಲೂ ಜೋರು ಮಳೆಯಾದರೆ ಫೋನ್ ಮಾಡುತ್ತಾರೆ. ಎಷ್ಟಾಯಿತು ಎಂದು ಕೇಳುತ್ತಾರೆ. ಮೂವತ್ತು ವರ್ಷ ಹಿಂದಿನ ಮಳೆಯನ್ನು ಅದರ ಪಕ್ಕ ಇಟ್ಟು ಹೇಳುತ್ತಾರೆ. ಆಮೇಲೆ ಪುಸ್ತಕ ತೆಗೆದು ನೋಡಿದರೆ, ಸೆಂಟ್ ಕೂಡ ಸರಿ. ಆದರೂ ಕೊನೆಗೆ, "ನೀನೊಮ್ಮೆ ನೋಡಿಬಿಡು ಮಗಳೇ, ನನ್ನ ಮಾತು ನಂಬಬೇಡ" ಎನ್ನುತ್ತಾರೆ.

ಕಳೆದ ತಿಂಗಳು ಹೇಳಿಯೇಬಿಡಬೇಕೆಂದು ಸಂಪಾಜೆಗೆ ಹೋಗಿದ್ದೆ. ಕಾಫಿ ಕಾಸಲು ಎದ್ದವರು ಒಲೆಯ ಹತ್ತಿರ ನಿಂತುಬಿಟ್ಟರು. ಮಗಳು ಬಂದು ಗ್ಯಾಸ್ ಹಚ್ಚಿದಳು. "ಅಪ್ಪ ಒಬ್ಬರೇ ಮುಟ್ಟೋದಿಲ್ಲ ಅಕ್ಕ, ಆರಿಸೋದು ಮರೆತ್ರೆ ಅಂತ ಹೆದರ್ತಾರೆ" ಎಂದಳು. ಯಾವತ್ತಾದರೂ ಮರೆತಿದ್ದಾರಾ ಎಂದು ಕೇಳಿದೆ. ಇಲ್ಲವಂತೆ. ಒಂದು ದಿನವೂ ಇಲ್ಲ. ಮಡಿಕೇರಿಗೆ ಒಬ್ಬರೇ ಬಸ್ಸು ಹತ್ತುವುದಿಲ್ಲವಂತೆ, ಬಾಗಿಲು ಹಾಕಿ ನಾಲ್ಕು ಸಲ ತಿರುಗಿ ಬಂದು ನೋಡುತ್ತಾರಂತೆ.

"ಆಫೀಸಲ್ಲಿ ಯಾರೂ ನನ್ನ ಮಾತು ನಂಬದಾಗ ಇವಳೊಬ್ಬಳು ಓಡಿಬಂದು ಹುಡುಕಿದ್ದು, ಬಸ್ಸು ಹತ್ತಿಸಿದ್ದು" ಎಂದು ರೈಟರು ನನ್ನನ್ನು ಮಗಳಿಗೆ ತೋರಿಸಿದರು. ನಾನು ಕಾಫಿ ಕುಡಿದೆ. ಬಿಸ್ಕತ್ತು ತಿಂದೆ. ಹೇಳದೆ ಎದ್ದು ಬಂದೆ.

ಈ ಭಾನುವಾರ ಮತ್ತೆ ಹೋಗುತ್ತೇನೆ. ಸೋಮವಾರ ಮ್ಯಾನೇಜರ ಮುಂದೆಯೂ ಹೇಳುತ್ತೇನೆ, ಕುರ್ಚಿ ಹೋದರೆ ಹೋಗಲಿ. ಆದರೆ ಮೊದಲು ಅವರಿಗೆ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಅವರು ಬೈಯಬೇಕು ಎಂದು ಆಸೆ. ಬೈಯದೆ ನನ್ನನ್ನೇ ಸಮಾಧಾನ ಮಾಡಲು ಬಂದರೆ — ಅವರು ಅಂಥವರೇ — ಅದನ್ನು ತಡೆದುಕೊಳ್ಳುವುದು ಹೇಗೆಂದು ಗೊತ್ತಿಲ್ಲ. ತಮ್ಮ ಕೈಯನ್ನೇ ತಾವು ನಂಬದೆ ಆ ಮನುಷ್ಯ ಆರು ವರ್ಷ ಬದುಕಿದ್ದಾರೆ, ಆ ವರ್ಷಗಳನ್ನು ನಾನು ವಾಪಸು ಕೊಡಲಾರೆ.